ಮೇಲಿನಂಚು ಮೊದಲು

ರಿತ್ಸುಕೊಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂಬುದು ಮಿನೊ ಊರಿನಲ್ಲಿ ಎಲ್ಲರಿಗೂ ಗೊತ್ತು. ಸೀಮೆಎಣ್ಣೆ ಮಾರುವವನು ಅವಳ ಮನೆಯ ಮುಂದೆ ಬಂದಾಗ ಗಾಡಿಯ ಹಾಡು ನಿಲ್ಲಿಸಿಬಿಡುತ್ತಾನೆ. ಅಂಚೆಯವನು ಬಾಗಿಲು ತಟ್ಟುವ ಮೊದಲು ಟೋಪಿ ಸರಿಮಾಡಿಕೊಳ್ಳುತ್ತಾನೆ. ಈ ಕೋಪವನ್ನು ಊರು ನಲವತ್ತು ವರ್ಷದಿಂದ ಸಹಿಸಿಕೊಂಡು ಬಂದಿದ್ದರೆ ಅದಕ್ಕೆ ಅವಳ ಕೈಯೇ ಕಾರಣ. ಮದುವೆಯ ಉಡುಗೊರೆಯ ಲಕೋಟೆಯಿರಲಿ, ಸಾವಿನ ಮನೆಗೆ ಒಯ್ಯುವ ಲಕೋಟೆಯಿರಲಿ, ಗುಡ್ಡದ ದೇಗುಲದ ಮದುವೆಗಳಲ್ಲಿ ಮದ್ಯದ ಹೂಜಿಯ ಕತ್ತಿಗೆ ಕಟ್ಟುವ ಗಂಡು ಚಿಟ್ಟೆ, ಹೆಣ್ಣು ಚಿಟ್ಟೆಯಿರಲಿ, ಕಾಗದ ಮಡಚುವುದರಲ್ಲಿ ರಿತ್ಸುಕೊದು ಎತ್ತಿದ ಕೈ. ಕಾಗದ ಮಾಡುವ ಊರು ನಮ್ಮದು. ಇಲ್ಲಿ ಕಾಗದದ ವಿಷಯದಲ್ಲಿ ಹೊಗಳಿಕೆ ಸುಲಭಕ್ಕೆ ಸಿಗುವುದಿಲ್ಲ.

ಲಕೋಟೆಯ ವಿದ್ಯೆ ಕೇಳಿದರೆ ಇಷ್ಟೇನಾ ಅನ್ನಿಸೀತು. ಹಿಂಬದಿಗೆ ಮಡಚುವ ಅಂಚು ಎರಡು, ಮೇಲಿನದು ಮತ್ತು ಕೆಳಗಿನದು. ನಗುವ ಮನೆಗಾದರೆ ಮೇಲಿನಂಚು ಮೊದಲು, ಅದರ ಮೇಲೆ ಕೆಳಗಿನಂಚು. ಬಂದ ಸುಖ ಬೊಗಸೆಯಲ್ಲಿ ನಿಂತ ಹಾಗೆ ನಿಲ್ಲಬೇಕು. ಅಳುವ ಮನೆಗಾದರೆ ಕೆಳಗಿನಂಚು ಮೊದಲು, ಅದರ ಮೇಲೆ ಮೇಲಿನಂಚು. ದುಃಖ ಇಳಿದು ಹೋಗಬೇಕು. ಇದೊಂದು ತಪ್ಪಿದರೆ ಮದುಮಗಳ ಕೈಗೆ ಸಾವಿನ ಲಕೋಟೆ ಕೊಟ್ಟಂತೆ. ಕೊಟ್ಟವರನ್ನು ನಮ್ಮ ಜನ ಬಾಯಿಬಿಟ್ಟು ಬೈಯುವುದಿಲ್ಲ. ನಗುನಗುತ್ತ ತೆಗೆದುಕೊಂಡು ಇಪ್ಪತ್ತು ವರ್ಷ ನೆನಪಿಟ್ಟುಕೊಳ್ಳುತ್ತಾರೆ.

ಎಪ್ಪತ್ತೊಂದರ ರಿತ್ಸುಕೊ ಮದುವೆಯಾದವಳಲ್ಲ. ತಮ್ಮ ಮತ್ತು ಅವನ ಹೆಂಡತಿ ರಸ್ತೆ ಅಪಘಾತದಲ್ಲಿ ಒಂದೇ ದಿನ ಹೋದ ಮೇಲೆ ಅವರ ಒಂಬತ್ತು ವರ್ಷದ ಮಗಳು ಚಿನಾತ್ಸುವನ್ನು ತಾನೇ ಸಾಕಿದಳು. ಈಗ ಚಿನಾತ್ಸುಗೆ ಮೂವತ್ತಮೂರು, ಊರ ಗ್ರಂಥಾಲಯದಲ್ಲಿ ಕೆಲಸ. ಬೆಳಿಗ್ಗೆ ಹತ್ತಕ್ಕೆ ಅತ್ತೆ ಮಡಚಿಟ್ಟ ಲಕೋಟೆಗಳ ಪೆಟ್ಟಿಗೆಯನ್ನು ಸೈಕಲ್ಲಿನ ಬುಟ್ಟಿಗೆ ಹಾಕಿಕೊಂಡು, ಫುರುತಾ ಯಜಮಾನಿಯ ಕಾಗದದ ಅಂಗಡಿಗೆ ಕೊಟ್ಟು, ಹಾಗೇ ಕೆಲಸಕ್ಕೆ ಹೋಗುವುದು ಅವಳ ರೂಢಿ.

ರಿತ್ಸುಕೊಳ ನಿದ್ದೆ ಕೆಡಿಸಿದ್ದು ಈ ಚಿನಾತ್ಸುವಿನ ಮದುವೆ. ಹುಡುಗ ಕೆಂಗೊ, ಬೆಟ್ಟದಾಚೆಯ ತಕಯಾಮದಲ್ಲಿ ದೇಗುಲಗಳ ಮರಗೆಲಸ ಮಾಡುವ ಬಡಗಿ. ಮಾತು ಕಡಿಮೆ, ನಡತೆ ಒಳ್ಳೆಯದು. ದಿನ ಗೊತ್ತಾಗಿ ಎರಡು ಸಲ ಮುಂದೆ ಹೋಗಿತ್ತು. ಮೊದಲ ಸಲ ಚಿನಾತ್ಸು ಗ್ರಂಥಾಲಯದಲ್ಲಿ ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಎಂದಳು, ಎರಡನೆಯ ಸಲ ಬೇಸಿಗೆಯಲ್ಲಿ ಮದುವೆಯ ಉಡುಪು ಸೆಕೆ ಎಂದಳು. ಮೂರನೆಯದು ನವೆಂಬರ್ ಹದಿನೈದು. ಇನ್ನು ಎರಡು ವಾರವಿರುವಾಗ, ಊಟದ ಮಧ್ಯೆ, ವಸಂತಕ್ಕೆ ಇಟ್ಟುಕೊಂಡರೆ ಹೇಗೆ ಎಂದು ಮತ್ತೆ ರಾಗ ಎಳೆದಳು.

"ಮೂರನೇ ಸಲ ಮುಂದೂಡಿದ್ರೆ ಅವರ ಮನೇಲಿ ಅದನ್ನ 'ಬೇಡ' ಅಂತ್ಲೇ ತಿಳ್ಕೊಳ್ಳೋದು," ಎಂದು ರಿತ್ಸುಕೊ ಸಾರಿನ ಬಟ್ಟಲು ಕುಕ್ಕಿದಳು. "ಬಡಗಿ ಅವನು. ಕಾದು ಕಾದು ತನಗೊಂದು ಮರದ ಹೆಂಡ್ತೀನ ಕೆತ್ಕೊಂಡ್ಬಿಟ್ಟಾನು."

"ಕೆತ್ಕೊಂಡ್ರೆ ಒಳ್ಳೇದೇ ಅತ್ತೆ. ಅದಕ್ಕೆ ನಿಮ್ಮ ಬೈಗುಳ ಕೇಳಿಸಲ್ಲ."

"ನನ್ನ ಹಾಗೆ ಒಂಟಿಯಾಗಿ ಕೂತು ಕಾಗದ ಮಡಚ್ತಾ ಮುದುಕಿಯಾಗ್ತೀಯ, ನೋಡ್ತಿರು."

ಚಿನಾತ್ಸು ತಲೆ ತಗ್ಗಿಸಿ ಮೂಲಂಗಿ ಉಪ್ಪಿನಕಾಯಿ ಕಡಿಯುತ್ತ ಕೂತಳು. ಈ ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ರಿತ್ಸುಕೊಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಬೈಯುವುದೊಂದೇ ಅವಳಿಗೆ ಗೊತ್ತಿದ್ದ ದಾರಿ.

ಅದೇ ವಾರ ಹಿಮೆನಾ ಬಂದಳು. ಚಿಲಿ ದೇಶದವಳು, ಒಂಟಿಯಾಗಿ ಊರೂರು ಸುತ್ತುತ್ತಿದ್ದಳು. ಸಾಂಪ್ರದಾಯಿಕವಾಗಿ ಕಾಗದ ಮಡಚುವುದನ್ನು ಕಲಿಯಬೇಕೆಂದು ಗ್ರಂಥಾಲಯದಲ್ಲಿ ವಿಚಾರಿಸಿದವಳನ್ನು ಚಿನಾತ್ಸು ನೇರ ಮನೆಗೇ ಕರೆತಂದಿದ್ದಳು. ಒಂದು ವಾರದ ಮಟ್ಟಿಗೆ ಅಂತೆ. ರಿತ್ಸುಕೊ ಮೊದಲು ಒಲ್ಲೆ ಎಂದಳು. ಅವಳು ಯಾರಿಗೂ ಕಲಿಸಿದವಳಲ್ಲ, ಚಿನಾತ್ಸುವಿಗೆ ಚಿಕ್ಕಂದಿನಲ್ಲಿ ಒಂದಿಷ್ಟು ಹೇಳಿಕೊಟ್ಟಿದ್ದನ್ನು ಬಿಟ್ಟರೆ. ಆದರೆ ಯಾವತ್ತೂ ಏನನ್ನೂ ಕೇಳದ ಸೋದರಸೊಸೆ ಹಠ ಹಿಡಿದಿದ್ದಳು.

"ಕೊಕ್ಕರೆ ಮಡಚಬೇಕು ನಾನು," ಎಂದಳು ಹಿಮೆನಾ ಮೊದಲ ದಿನ. ಅವಳಿಗೆ ನಮ್ಮ ಮಾತು ಅರೆಬರೆ ಬರುತ್ತಿತ್ತು; ಪದಗಳು ಸರಿಯಿದ್ದವು, ಒಂದರ ಕೈ ಒಂದು ಹಿಡಿಯುತ್ತಿರಲಿಲ್ಲ.

"ಕೊಕ್ಕರೆ ಶಾಲೆ ಮಕ್ಳು ಮಡಚ್ತಾರೆ. ತಗೋ, ಇದನ್ನ ಅರ್ಧಕ್ಕೆ ಮಡಚು."

ಹಿಮೆನಾ ಮಡಚಿದಳು. ರಿತ್ಸುಕೊ ಅದನ್ನು ಬೆಳಕಿಗೆ ಹಿಡಿದು ಪಕ್ಕಕ್ಕಿಟ್ಟು ಇನ್ನೊಂದು ಹಾಳೆ ಕೊಟ್ಟಳು. ಹೀಗೆ ಎರಡು ಗಂಟೆ. ಮಂಡಿಯೂರಿ ಕೂತ ಆ ಉದ್ದ ಹುಡುಗಿ, ಕಾಲು ಜೋಮು ಹಿಡಿದು, ಎದ್ದು ನಿಲ್ಲಲು ಹೋಗಿ ಚಾಪೆಯ ಮೇಲೆ ಮಗುಚಿಕೊಂಡಳು. ರಿತ್ಸುಕೊ ನಗಲಿಲ್ಲ, ಆದರೆ ಚಹಾ ಕೊಟ್ಟಳು.

"ಗುರುಗಳೇ, ಒಂದು ಹಾಳೆ ತಪ್ಪಾದರೆ, ಅದನ್ನೇ ಮತ್ತೆ ಮಡಚಬಾರದಾ?"

"ಮಡಚಬಾರದು. ಮುತ್ತು ಒಡೆದ್ರೆ ಹೋಯ್ತು, ಕಾಗದ ಮಡಚಿದ್ರೆ ಹೋಯ್ತು. ನೀನು ಬಿಡಿಸಿ ಸವರಿ ಏನೇ ಮಾಡು, ಹಳೇ ಗೆರೆ ಉಳಿದೇ ಉಳಿಯುತ್ತೆ. ಕಾಗದ ಯಾವುದನ್ನೂ ಮರೆಯಲ್ಲ."

ಹಿಮೆನಾ ಕೆಟ್ಟ ಶಿಷ್ಯೆಯಾಗಿರಲಿಲ್ಲ. ತನ್ನ ದೇಶದಲ್ಲಿ ಅವಳು ಆಪರೇಷನ್ ಕೋಣೆಯ ನರ್ಸ್. ಕಣ್ಣು ಎಲ್ಲೂ ಅಲೆಯುತ್ತಿರಲಿಲ್ಲ. ರಿತ್ಸುಕೊಳ ಬೆರಳುಗಳ ಮೇಲೆ ನೆಟ್ಟ ದೃಷ್ಟಿ ನೆಟ್ಟಂತೆ. "ನಮ್ಮಲ್ಲಿ ಡಾಕ್ಟರ ಬಾಯಿ ನೋಡಬಾರದು," ಎಂದಿದ್ದಳು. "ಬಾಯಿ ಬೇರೆ ಊರಿಗೆ ಹೋಗುತ್ತೆ. ಕೈ ನೋಡಬೇಕು." ಈ ಮಾತು ರಿತ್ಸುಕೊಗೆ ಹಿಡಿಸಿತು. ಮೂರನೆಯ ದಿನಕ್ಕೆ, ಅಕ್ಕಿಕಡುಬಿಗೆ ಅಕ್ರೋಟಿನ ಗೊಜ್ಜು ಸವರಿ ಸುಟ್ಟುಕೊಡುವಷ್ಟು ಪ್ರೀತಿ ಬಂದುಬಿಟ್ಟಿತ್ತು. ಪ್ರೀತಿ ಬಂದದ್ದು ಗೊತ್ತಾಗಬಾರದೆಂದು ಆ ದಿನ ಸ್ವಲ್ಪ ಹೆಚ್ಚೇ ಬೈದಳು.

ನಾಲ್ಕನೆಯ ದಿನ ಲಕೋಟೆಯ ಪಾಠ. ಬೆಳಿಗ್ಗೆ ಹತ್ತಕ್ಕೆ ಚಿನಾತ್ಸು ಮೂವತ್ತು ಮದುವೆ ಲಕೋಟೆಗಳ ಪೆಟ್ಟಿಗೆ ಹೊತ್ತುಕೊಂಡು ಹೊರಟುಹೋಗಿದ್ದಳು. ಸಂಜೆ ಗಿಫು ಪೇಟೆಯ ಯಾರೋ ದೊಡ್ಡ ಮದುವೆಯವರು ಅದನ್ನು ಅಂಗಡಿಯಿಂದ ಒಯ್ಯುವವರಿದ್ದರು. ಅವಳು ಹೋಗಿ ಮುಕ್ಕಾಲು ಗಂಟೆಯಾಗಿರಬಹುದು. ಅಂಗಳದ ಮರದಲ್ಲಿ ಪರ್ಸಿಮನ್ ಹಣ್ಣು ಕೆಂಪಾಗಿತ್ತು, ಕಾಗೆಗಳು ಜಗಳಾಡುತ್ತಿದ್ದವು. ರಿತ್ಸುಕೊ ದಪ್ಪ ಬಿಳಿ ಹಾಳೆಯೊಂದನ್ನು ತಾನು ತೆಗೆದುಕೊಂಡು ಇನ್ನೊಂದನ್ನು ಹಿಮೆನಾಗೆ ಕೊಟ್ಟಳು.

"ಇದು ನಗುವ ಮನೆದು. ಮೇಲಿನಂಚು ಮೊದಲು, ಆಮೇಲೆ ಕೆಳಗಿನಂಚು. ನನ್ನ ಜೊತೆಗೇ ಮಡಚು."

ಬಿದಿರಿನ ಪಟ್ಟಿಯಿಂದ ಗೆರೆ ತೀಡಿ ಮುಗಿಸಿ ರಿತ್ಸುಕೊ ಶಿಷ್ಯೆಯ ಲಕೋಟೆಯನ್ನು ಕೈಗೆತ್ತಿಕೊಂಡಳು. ತಿರುಗಿಸಿ ನೋಡಿದಳು. ಹುಬ್ಬು ಗಂಟಾಯಿತು.

"ಯಾರೇ ಸತ್ತಿದ್ದು?"

ಹಿಮೆನಾ ಗಾಬರಿಯಾದಳು. "ಯಾರೂ... ಸಾಯಲಿಲ್ಲ."

"ಮತ್ತೆ ಇದೇನು? ಮದುವೆ ಮನೆಗೆ ಈ ಲಕೋಟೆ ಹಿಡ್ಕೊಂಡು ಹೋದ್ರೆ ಪೊರಕೆ ತಗೊಂಡು ಓಡಿಸ್ತಾರೆ. ಏನು ಹೇಳ್ದೆ ನಾನು? ಮೇಲಿನಂಚು ಮೊದಲು ಅಂದೆನೋ ಇಲ್ವೋ?"

"ಅಂದಿರಿ, ಗುರುಗಳೇ. ಆದರೆ ನಾನು ಬಾಯಿ ಕೇಳಲಿಲ್ಲ. ಕೈ ನೋಡಿದೆ." ಆ ಹುಡುಗಿ ಮೆಲ್ಲಗೆ, ನೋಯಿಸಬಾರದೆಂಬ ಜಾಗ್ರತೆಯಲ್ಲಿ, ರಿತ್ಸುಕೊಳ ಮುಂದಿದ್ದ ಲಕೋಟೆಯನ್ನು ತಿರುಗಿಸಿಟ್ಟಳು. "ಕೈ, ಕೆಳಗೆ ಮೊದಲು."

ಎರಡೂ ಲಕೋಟೆಗಳು ಪಕ್ಕಪಕ್ಕದಲ್ಲಿ ಬಿದ್ದಿದ್ದವು. ಎರಡೂ ಸಾವಿನವು.

ರಿತ್ಸುಕೊ ಇನ್ನೊಂದು ಹಾಳೆ ತೆಗೆದಳು. ಮಡಚಿದಳು. ಶಿಷ್ಯೆಯ ತಪ್ಪು ಕಂಡ ಕಣ್ಣಿಗೆ ತಾನು ಮಡಚಿದ್ದು ಸರಿಯಾಗಿಯೇ ಕಂಡಿತು. ಹಿಮೆನಾಳ ಮುಖ ನೋಡಿದಳು. ಹಿಮೆನಾ ಇಲ್ಲವೆಂದು ತಲೆಯಾಡಿಸಿದಳು. ಮೂರನೆಯ ಹಾಳೆಗೆ, ಪ್ರತಿ ಮಡಿಕೆಗೂ ಕೈಯನ್ನು ನಿಲ್ಲಿಸಿ, 'ಮೇಲಿನದು, ಈಗ ಮೇಲಿನದು' ಎಂದು ಎಳೆಮಕ್ಕಳು ಮಗ್ಗಿ ಹೇಳುವಂತೆ ಹೇಳಿಕೊಂಡ ಮೇಲೆ ಅದು ಸರಿಬಂತು.

ಅವಳಿಗೆ ತಾಯಿಯ ನೆನಪು ಬಂತು. ತಾಯಿ ಕಾನೆಯೂ ಇದೇ ಕೆಲಸದವಳು, ಅವಳ ಕೈಯೂ ಕೊನೆಗೆ ಹೀಗೇ ದಿಕ್ಕು ತಪ್ಪಿತ್ತು. ಊರವರ ಮುಂದೆ ಮಾನ ಹೋಗುತ್ತದೆಂದು ಅವಳ ಮುಂದಿನ ಕಾಗದವನ್ನೆಲ್ಲ ಎತ್ತಿ ಅಟ್ಟಕ್ಕೆ ಹಾಕಿದವಳು ಈ ರಿತ್ಸುಕೊಳೇ. ಕಾಗದವಿಲ್ಲದ ಮುದುಕಿ ಹೊದಿಕೆಯ ಅಂಚನ್ನು ಮಡಚಿದಳು, ಬಿಚ್ಚಿದಳು, ಮಡಚಿದಳು. ಊಟ ಬಿಟ್ಟಳು. ಆ ವರ್ಷದ ಹಿಮ ಕರಗುವಷ್ಟರಲ್ಲಿ ಹೋಗಿಬಿಟ್ಟಳು. ಆಗ ಹನ್ನೊಂದು ವರ್ಷದ ಚಿನಾತ್ಸು ಬಾಗಿಲ ಸಂದಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು.

ಆದರೆ ಈಗ ಕೂತು ಹೆದರುವುದಕ್ಕೆ ಸಮಯವಿರಲಿಲ್ಲ. ಬೆಳಗಿನ ಪೆಟ್ಟಿಗೆ! ಮೂವತ್ತು ಲಕೋಟೆ, ಮೂವತ್ತು ಮನೆಯವರ ಹಾರೈಕೆ. ರಿತ್ಸುಕೊ ಸೊಂಟಕ್ಕೆ ಕಟ್ಟಿದ ಏಪ್ರನ್ನಿನಲ್ಲೇ ಬೀದಿಗಿಳಿದಳು. ಹಿಂದಿನಿಂದ ಹಿಮೆನಾ ಶೂ ಸರಿಯಾಗಿ ಹಾಕಿಕೊಳ್ಳದೆ ಓಡಿಬಂದಳು.

ಅಂಗಡಿಯಲ್ಲಿ ಫುರುತಾ ಯಜಮಾನಿ ಹಾಳೆಗಳ ಧೂಳು ಕೊಡವುತ್ತಿದ್ದಳು. ಅರವತ್ತರ ಹೆಂಗಸು, ರಿತ್ಸುಕೊಗಿಂತ ಚಿಕ್ಕವಳು, ಮಾತಿನ ಮಲ್ಲಿ.

"ಏನಕ್ಕ, ಬೆಂಕಿ ಬಿತ್ತಾ ಎಲ್ಲಾದ್ರೂ?"

"ಪೆಟ್ಟಿಗೆ ಕೊಡು. ಬೆಳಿಗ್ಗೆ ಚಿನಾತ್ಸು ತಂದಿದ್ದು."

"ಇನ್ನೂ ಬಂದಿಲ್ವಲ್ಲ. ಅವಳು ಬರೋದು ಒಂದು ಗಂಟೆಗೆ ತಾನೆ? ಗ್ರಂಥಾಲಯದಲ್ಲಿ ಅವಳ ಪಾಳಿ ಎರಡಕ್ಕಲ್ವಾ, ಅದಕ್ಕೆ ಮುಂಚೆ ಕೊಟ್ಟು ಹೋಗ್ತಾಳೆ."

ಎರಡಕ್ಕೆ ಪಾಳಿ! ರಿತ್ಸುಕೊ ಹನ್ನೊಂದೆಂದೇ ತಿಳಿದಿದ್ದಳು. ಹತ್ತಕ್ಕೆ ಮನೆ ಬಿಟ್ಟವಳು ಒಂದರವರೆಗೆ ಎಲ್ಲಿರುತ್ತಾಳೆ? ಅವಳು ಕೇಳದ ಪ್ರಶ್ನೆಗೆ ಫುರುತಾ ತಾನಾಗಿಯೇ ಇನ್ನಷ್ಟು ಮಾತು ಸುರಿದಳು.

"ಯಾಕಕ್ಕ, ಏನಾದ್ರೂ ತಪ್ಪಾಯ್ತಾ? ನಿಮ್ಮ ಕೈಲಿ ತಪ್ಪಾಗಲ್ಲ ಬಿಡಿ. ಏನೋ ಈಚೆಗೆ ಒಂದೊಂದು ಮಡಿಕೆಗೆ ಎರಡೆರಡು ಗೆರೆ ಬೀಳುತ್ತೆ. ವಯಸ್ಸಾಯ್ತು, ಅಕ್ಕ ಎರಡು ಸಲ ಒತ್ತುತ್ತಾರೆ ಅಂದ್ಕೊಂಡೆ. ಗಿರಾಕಿಗಳಿಗೆ ಅದೆಲ್ಲ ಎಲ್ಲಿ ಕಾಣುತ್ತೆ."

ರಿತ್ಸುಕೊ ಕಪಾಟಿನಲ್ಲಿದ್ದ ಮದುವೆ ಲಕೋಟೆಯೊಂದನ್ನು ತೆಗೆದಳು. ಹೋದ ತಿಂಗಳು ತಾನು ಮಡಚಿದ್ದು. ಹಿಂಬದಿ ಸರಿಯಾಗಿತ್ತು, ಕೆಳಗಿನಂಚು ಮೇಲಿತ್ತು. ಅಂಚು ಬಿಡಿಸಿ ಬೆಳಕಿಗೆ ಹಿಡಿದಳು. ಗೆರೆಯ ಪಕ್ಕದಲ್ಲಿ, ಒಂದು ಕೂದಲೆಳೆ ದೂರದಲ್ಲಿ, ಇನ್ನೊಂದು ಗೆರೆ. ಎರಡನೆಯದಾಗಿ ಮಡಚುವ ಅಂಚು ಒಳಗಿನದನ್ನು ಬಳಸಿ ಬರಬೇಕಾದ್ದರಿಂದ ಅದರ ಮಡಿಕೆ ಕೂದಲೆಳೆಯಷ್ಟು ಆಚೆಗೆ ಬೀಳುತ್ತದೆ. ಹಳೆಯ ಗೆರೆ ಸಾವಿನದು, ಹೊಸ ಗೆರೆ ಮದುವೆಯದು. ಯಾರೋ ಬಿಡಿಸಿ, ಸವರಿ, ತಿರುಗಿಸಿ ಮಡಚಿದ್ದರು. ಇನ್ನೊಂದು ತೆಗೆದಳು. ಅದರಲ್ಲೂ ಎರಡು. ಮತ್ತೊಂದರಲ್ಲೂ ಎರಡು. ಫುರುತಾ ಏನೋ ಕೇಳುತ್ತಿದ್ದಳು, ರಿತ್ಸುಕೊಗೆ ಕೇಳಿಸಲಿಲ್ಲ.

ಚಿನಾತ್ಸು ಎಲ್ಲಿರಬಹುದೆಂದು ಕಂಡುಹಿಡಿಯಲು ಊರೇನೂ ದೊಡ್ಡದಲ್ಲ. ನಾಗರಾ ನದಿಯ ಹಳೆಯ ದೋಣಿಗಟ್ಟೆಯಲ್ಲಿ ಮರದ ದೀಪಗಂಬವೊಂದಿದೆ, ಅದರ ಹತ್ತಿರ ಕೂರಲು ಸೂರು ಹೊದಿಸಿದ ಒಂದು ಮಾಡು. ಚಿಕ್ಕಂದಿನಲ್ಲಿ ಅತ್ತೆಯ ಬೈಗುಳ ತಿಂದಾಗಲೆಲ್ಲ ಅಲ್ಲಿಗೇ ಓಡುತ್ತಿದ್ದಳು. ಸೈಕಲ್ಲು ಕಂಬಕ್ಕೆ ಒರಗಿತ್ತು. ಮಾಡಿನೊಳಗೆ ಚಿನಾತ್ಸು ತೊಡೆಯ ಮೇಲೆ ರಟ್ಟು ಇಟ್ಟುಕೊಂಡು, ಕೊರಳಿಗೆ ಬಟ್ಟೆ ಸುತ್ತಿಕೊಂಡು, ಪೆಟ್ಟಿಗೆಯಿಂದ ಒಂದೊಂದೇ ಲಕೋಟೆ ತೆಗೆದು ಬಿಡಿಸಿ ಮಡಚುತ್ತಿದ್ದಳು. ಚಳಿಗೆ ಬೆರಳ ತುದಿ ಕೆಂಪಾಗಿತ್ತು. ಅತ್ತೆಯನ್ನು ಕಂಡವಳೇ ಕೈಯಲ್ಲಿದ್ದದ್ದನ್ನು ಬೆನ್ನ ಹಿಂದೆ ಮುಚ್ಚಿಟ್ಟಳು, ಒಂಬತ್ತು ವರ್ಷದವಳಂತೆ.

"ತೆಗಿ ಈಚೆಗೆ," ಎಂದಳು ರಿತ್ಸುಕೊ. ದನಿಯಲ್ಲಿ ಕೋಪವಿರಲಿಲ್ಲ, ಅದಕ್ಕೇ ಚಿನಾತ್ಸು ಹೆದರಿದ್ದು. "ಎಷ್ಟು ದಿನದಿಂದ?"

"ಹೋದ ವರ್ಷಕ್ಕೂ ಹಿಂದಿನ ವಸಂತದಿಂದ. ಮತ್ಸುಬಾರಾ ಅವರ ಮಗಳ ಮದುವೆ... ಆಗ ಎರಡೋ ಮೂರೋ. ಆಮೇಲೆ ಎಲ್ಲ."

"ಎಲ್ಲ?"

"ಎಲ್ಲ ಅತ್ತೆ. ಸಾವಿನ ಲಕೋಟೆ ಮಾತ್ರ ಒಂದೂ ತಪ್ಪಿಲ್ಲ."

ರಿತ್ಸುಕೊ ಮಾಡಿನ ಹಲಗೆಯ ಮೇಲೆ ಕೂತಳು. ತಪ್ಪುವುದಾದರೂ ಹೇಗೆ? ನಮ್ಮೂರಿನಲ್ಲಿ ಈಗ ವರ್ಷಕ್ಕೆ ಸಾವು ನೂರಾದರೆ ಮದುವೆ ನಾಲ್ಕು. ಕೈಗೆ ಏನು ಗೊತ್ತು ಪಾಪ, ದಿನವೂ ಮಾಡಿಸಿದ್ದನ್ನು ಅದು ಕಲಿಯಿತು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಾಯಿಯ ಮುಖ ಮಾತ್ರ ಕಣ್ಣಮುಂದಿನಿಂದ ಹೋಗಲಿಲ್ಲ.

"ಹೇಳಬಾರದಿತ್ತೇನೆ ನಂಗೆ?"

"ಹೇಳಿದ್ರೆ ನೀವು ಅವತ್ತೇ ಕಾಗದ ಎಲ್ಲ ಎತ್ತಿ ಅಟ್ಟಕ್ಕೆ ಹಾಕ್ತಿದ್ರಿ." ಚಿನಾತ್ಸು ಅಳುತ್ತಿದ್ದಳು. "ಅಜ್ಜಿದು ಎತ್ತಿಟ್ಟ ಹಾಗೆ. ಆಮೇಲೆ ಅಜ್ಜಿ ಎಷ್ಟು ದಿನ ಇದ್ರು?"

ಆ ಮಾತು ನೇರ ಎದೆಗೇ ಬಂದು ತಗುಲಿತು. ಹಿಮೆನಾಗೆ ಎಲ್ಲ ಮಾತು ಅರ್ಥವಾಗದಿದ್ದರೂ ವಿಷಯ ಅರ್ಥವಾಗಿತ್ತು. ಅವಳು ದೂರ ಹೋಗಿ ನೀರಿನ ಕಡೆ ಮುಖ ಮಾಡಿ ನಿಂತಿದ್ದಳು.

"ಈ ಹುಡುಗೀನ ಯಾಕೆ ತಂದು ಕೂರಿಸ್ದೆ?"

"ನನ್ನ ಬಾಯಲ್ಲಿ ಬರ್ಲಿಲ್ಲ. ಪರದೇಶದವಳು, ಅವಳಿಗೆ ದಾಕ್ಷಿಣ್ಯ ಇಲ್ಲ, ಕಂಡ್ರೆ ಹೇಳ್ತಾಳೆ ಅಂತ... ನಿಮಗೆ ಗೊತ್ತಾಗಬಾರದು ಅಂತಾನೂ ಇತ್ತು ಅತ್ತೆ, ಗೊತ್ತಾಗ್ಲಿ ಅಂತಾನೂ ಇತ್ತು."

ರಿತ್ಸುಕೊ ಪೆಟ್ಟಿಗೆಯನ್ನೇ ನೋಡುತ್ತ ಕೂತಳು. ಆಮೇಲೆ ನಿಧಾನವಾಗಿ, ಕೇಳಲು ಇಷ್ಟವಿಲ್ಲದೆ, ಕೇಳಿದಳು. "ಮದುವೆ ಮುಂದೆ ಹಾಕಿದ್ದೂ ಇದಕ್ಕೇನಾ?"

ಚಿನಾತ್ಸು ಕೈಯಲ್ಲಿದ್ದ ಲಕೋಟೆಯ ಅಂಚನ್ನೇ ಸವರುತ್ತ ಕೂತಳು.

"ಬಾಯಿ ಬಿಡೇ."

"ತಕಯಾಮದಿಂದ ದಿನಾ ಬಂದು ಮಡಚೋಕಾಗುತ್ತಾ ಅತ್ತೆ?"

ಎರಡು ವರ್ಷ ಈ ಹುಡುಗಿಯನ್ನು ಚಂಚಲೆ ಎಂದದ್ದು, ಸೋಮಾರಿ ಎಂದದ್ದು, ಮರದ ಹೆಂಡತಿ ಎಂದು ಹಂಗಿಸಿದ್ದು, ಒಂದೊಂದೂ ರಿತ್ಸುಕೊಗೆ ನೆನಪಾಯಿತು. ಅವಳಿಗೆ ನಾಚಿಕೆಯಾಯಿತು, ಎಪ್ಪತ್ತೊಂದು ವರ್ಷದಲ್ಲಿ ಹಾಗೆ ನಾಚಿಕೆಯಾಗಿರಲಿಲ್ಲ. "ಬೆರಳು ನೋಡು, ಹೇಗೆ ಸೆಟೆದಿದೆ," ಎಂದು ಸೊಸೆಯ ಎರಡೂ ಕೈಗಳನ್ನು ತನ್ನ ಏಪ್ರನ್ನಿನೊಳಗೆ ಎಳೆದುಕೊಂಡು ಉಜ್ಜಿದಳು.

ಉಳಿದಿದ್ದ ಹನ್ನೊಂದು ಲಕೋಟೆಗಳನ್ನು ಚಿನಾತ್ಸು ಅಲ್ಲೇ ಮಡಚಿ ಮುಗಿಸಿದಳು. ಆಮೇಲೆ ಮೂವರೂ ಅಂಗಡಿಗೆ ಹೋದರು. ಬೇಡ ಅತ್ತೆ, ಹೇಳಬೇಡಿ, ಎಂದು ಚಿನಾತ್ಸು ದಾರಿಯುದ್ದಕ್ಕೂ ತೋಳು ಜಗ್ಗಿದಳು. ರಿತ್ಸುಕೊ ಫುರುತಾಳ ಮುಂದೆ ನೆಲಕ್ಕೆ ಹಣೆ ಮುಟ್ಟುವಂತೆ ಬಾಗಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಎರಡು ವರ್ಷದಿಂದ ಮದುವೆ ಲಕೋಟೆ ತನ್ನ ಕೈಯದಲ್ಲ, ಇನ್ನು ಮುಂದೆ ಒಂದನ್ನೂ ಮಡಚುವುದಿಲ್ಲ.

ಫುರುತಾಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. "ಅಯ್ಯೋ, ಏಳಿ ಅಕ್ಕ, ಇದೇನು ಮಹಾ..." ಎಂದು ತಡವರಿಸಿ, ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, "ಸಾವಿನ ಲಕೋಟೆ ಇದ್ದೇ ಇದೆಯಲ್ಲ. ಈಗ ಕೇಳೋರೂ ಅದನ್ನೇ. ಅದು ಮಾತ್ರ ನೀವೇ ಮಡಚಬೇಕು. ಅದರಲ್ಲಿ ನಿಮ್ಮ ಕೈ ತಪ್ಪೋ ಹಾಗೇ ಇಲ್ಲ."

ರಿತ್ಸುಕೊಗೆ ನಗು ಬಂತು. ಕೆಟ್ಟ ನಗು. "ಹೌದು. ಅಳೋ ಮನೆಗೆ ನಾನು ಲಾಯಕ್ಕು," ಎಂದಳು. ಒಪ್ಪಿಕೊಂಡಳು ಕೂಡ. ಒಪ್ಪದೆ ಮನೆಗೆ ಹೋಗಿ ಹೊದಿಕೆಯ ಅಂಚು ಮಡಚುತ್ತ ಕೂರಲು ಅವಳಿಗೆ ಭಯವಿತ್ತು.

ಅಂದು ಸಂಜೆ ಚಿನಾತ್ಸುವಿನ ಮುಂದೆಯೇ ಅವಳು ಕೆಂಗೊಗೆ ಫೋನು ಮಾಡಿದಳು. "ಹದಿನೈದಕ್ಕೇ ಮದುವೆ. ಹದಿನಾರಕ್ಕೆ ಈ ಹುಡುಗಿ ನನ್ನ ಮನೇಲಿ ಕಂಡ್ರೆ ಇಬ್ಬರನ್ನೂ ಸೇರಿಸಿ ಬೈತೀನಿ."

"ಅವಳು ಯಾಕೆ ಮುಂದೂಡ್ತಿದ್ಲು ಅಂತ ನಂಗೆ ಗೊತ್ತಿತ್ತು ಅತ್ತೆ," ಎಂದ ಕೆಂಗೊ ಆ ಕಡೆಯಿಂದ. "ಇನ್ನೂ ಎರಡು ವರ್ಷ ಬೇಕಾದ್ರೂ ಕಾಯ್ತಿದ್ದೆ."

"ಕಾಯಬೇಡ," ಎಂದು ರಿತ್ಸುಕೊ ಫೋನು ಇಟ್ಟುಬಿಟ್ಟಳು.

ಇನ್ನು ದೇಗುಲದ ಮದುವೆಗೆ ಚಿಟ್ಟೆಗಳಾಗಬೇಕಿತ್ತು. ತನ್ನ ಮದುವೆಯ ಚಿಟ್ಟೆಯನ್ನು ಮದುಮಗಳು ಮಡಚುವಂತಿಲ್ಲ. ರಿತ್ಸುಕೊ ಹಿಮೆನಾಳನ್ನು ಕೂರಿಸಿದಳು. "ಈ ಸಲ ಕೈ ನೋಡಬೇಡ. ಬಾಯಿ ಕೇಳು," ಎಂದು, ತನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಳು. ಬಾಯಿಗೆ ಎಲ್ಲ ನೆನಪಿತ್ತು. ಮೂರು ದಿನ ಹೇಳಿದಳು, ಮೂರು ದಿನ ಹಿಮೆನಾ ಹಾಳೆಗಳನ್ನು ಕೆಡಿಸಿದಳು. ತೊಡೆಯ ಕೆಳಗೆ ಬೆರಳುಗಳು ತಾವಾಗಿಯೇ ಮಿಡುಕುತ್ತಿದ್ದವು. ಹಿಮೆನಾ ಅದನ್ನು ಕಂಡರೂ ಕಾಣದಂತೆ ಇದ್ದಳು. ಕೊನೆಯ ದಿನ ಗಂಡು ಚಿಟ್ಟೆಯೊಂದು, ಹೆಣ್ಣು ಚಿಟ್ಟೆಯೊಂದು ನಿಂತವು.

ಹೊರಡುವಾಗ ಹಿಮೆನಾ ಬಾಗಿ ಕ್ಷಮೆ ಕೇಳಿದಳು. "ಗುರುಗಳೇ, ಅವತ್ತು ನಾನು ಹೇಳಬಾರದಿತ್ತಾ?"

"ಹೇಳಬೇಕಿತ್ತು. ಹೇಳಿದ್ದಕ್ಕೆ ನಿನ್ನ ಮೇಲೆ ಸಿಟ್ಟೂ ಇದೆ. ಎರಡೂ ಇರ್ಲಿ," ಎಂದು ರಿತ್ಸುಕೊ ಅವಳ ಚೀಲಕ್ಕೆ ಒಣಗಿಸಿದ ಪರ್ಸಿಮನ್ ತುರುಕಿದಳು. "ಕೊಕ್ಕರೆ ಯಾರ ಹತ್ರನಾದ್ರೂ ಕಲ್ತುಕೋ. ಅದು ಸುಲಭ."

ಮದುವೆಯ ಬೆಳಿಗ್ಗೆ ರಿತ್ಸುಕೊ ಬೇಗ ಎದ್ದಳು. ಸೊಸೆಗೆ ತನ್ನ ಕೈಯ ಉಡುಗೊರೆ ಲಕೋಟೆ ಬೇಡವೆ? ಮದುವೆಯದು ಇನ್ನು ಮಡಚುವುದಿಲ್ಲವೆಂದು ಹೇಳಿದ್ದಳು ನಿಜ, ಆದರೆ ಇದು ಅಂಗಡಿಯದಲ್ಲ. ಬಾಗಿಲು ಹಾಕಿಕೊಂಡು ಊರಿನ ಅತ್ಯುತ್ತಮ ಹಾಳೆಯನ್ನು ಮುಂದಿಟ್ಟುಕೊಂಡು, ಮೇಲಿನದು, ಈಗ ಮೇಲಿನದು, ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಮಡಚಿದಳು. ಕೆಂಪು ಬಿಳಿ ದಾರ ಬಿಗಿದಳು. ತಿರುಗಿಸಿ ನೋಡಿದರೆ ಸರಿಯಾಗಿಯೇ ಕಂಡಿತು. ಆದರೆ ಎರಡು ವರ್ಷ ತಪ್ಪಿದ ಲಕೋಟೆಗಳೆಲ್ಲವೂ ಅವಳ ಕಣ್ಣಿಗೆ ಸರಿಯಾಗಿಯೇ ಕಂಡಿದ್ದವು. ಮತ್ತೆ ನೋಡಿದಳು, ಮತ್ತೆ. ಎಷ್ಟು ನೋಡಿದರೂ ನಂಬಿಕೆ ಬರಲಿಲ್ಲ. ಬಿಚ್ಚುವಂತೆಯೂ ಇರಲಿಲ್ಲ, ಮದುವೆಯ ದಾರ ಒಮ್ಮೆ ಗಂಟಾದರೆ ಬಿಚ್ಚಬಾರದು.

ದೇಗುಲದಲ್ಲಿ ಹೂಜಿಯ ಕತ್ತಿನ ಮೇಲೆ ಚಿಟ್ಟೆಗಳು ಕೂತಿದ್ದವು, ಒಂದರ ರೆಕ್ಕೆ ಕೊಂಚ ಓರೆ. ಯಾರೂ ಅದನ್ನು ಗಮನಿಸಲಿಲ್ಲ, ಗಮನಿಸಿದ ಫುರುತಾ ಬಾಯಿ ಬಿಡಲಿಲ್ಲ. ಎಲ್ಲ ಮುಗಿದ ಮೇಲೆ ಗುಡ್ಡದ ಬುಡದಲ್ಲಿ ಕೆಂಗೊ ವ್ಯಾನಿನ ಬಾಗಿಲು ತೆಗೆದುಕೊಂಡು ನಿಂತಿದ್ದ. ರಿತ್ಸುಕೊ ಸೊಸೆಯನ್ನು ಪಕ್ಕಕ್ಕೆ ಕರೆದು ಎರಡೂ ಕೈಯಲ್ಲಿ ಲಕೋಟೆ ಹಿಡಿದಳು.

"ತಗೋ. ತಿರುಗಿಸಿ ನೋಡಿ ತಗೋ."

ಚಿನಾತ್ಸು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಿರುಗಿಸಲಿಲ್ಲ. ಹಿಂಬದಿಯನ್ನು ಎದೆಗೆ ಒತ್ತಿ ಹಿಡಿದಳು.

"ನೋಡೇ. ತಪ್ಪಿದ್ರೆ ಈಗ್ಲೇ ಹೇಳು. ಗಂಡನ ಮನೆಯವರು ನೋಡೋ ಮೊದಲು."

"ನೋಡಲ್ಲ ಅತ್ತೆ."

"ತಪ್ಪಿದ್ರೆ?"

"ತಪ್ಪಿದ್ರೆ ತಪ್ಪೇ ಇರ್ಲಿ. ಇದೊಂದನ್ನ ನಾನು ತಿರುಗಿಸಿ ಮಡಚಲ್ಲ."

ಅವಳು ಅದನ್ನು ಹಾಗೆಯೇ ಎದೆಗೊತ್ತಿಕೊಂಡು ವ್ಯಾನು ಹತ್ತಿದಳು. ವ್ಯಾನು ಸೇತುವೆ ದಾಟುವವರೆಗೂ ರಿತ್ಸುಕೊ ರಸ್ತೆಯಲ್ಲೇ ನಿಂತಿದ್ದಳು. ಆಮೇಲೆ ಮನೆಗೆ ಬಂದು, ಫುರುತಾ ಕಳಿಸಿದ್ದ ಹಾಳೆಗಳ ಮುಂದೆ ಕೂತು, ಕೆಳಗಿನಂಚನ್ನು ಮೊದಲು ಮಡಚಿದಳು. ಚಿನಾತ್ಸು ಒಯ್ದ ಆ ಲಕೋಟೆಯಲ್ಲಿ ಯಾವ ಅಂಚು ಮೇಲಿತ್ತೆಂಬುದು ಅವಳಿಗೆ ಇವತ್ತಿಗೂ ಗೊತ್ತಿಲ್ಲ.